ಅಂಗಡಿ ಕಂಪ್ಯೂಟರಿಗೂ ಬೇಕು, ಸಾಹುಕಾರರ ಮೊಬೈಲಿಗೂ ಬೇಕು: ವ್ಯಾಪಾರದ ಸಾಫ್ಟ್‌ವೇರ್ ಕಟ್ಟುವುದು ಹೇಗೆ?

"ಸಾರ್, ಡೆಸ್ಕ್‌ಟಾಪ್‌ನಲ್ಲಿ ಮಾಡ್ಲಾ, ವೆಬ್‌ನಲ್ಲಿ ಮಾಡ್ಲಾ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಕೇಳುವವರು ಹೆಚ್ಚಾಗಿ ದಾವಣಗೆರೆ, ಚಿತ್ರದುರ್ಗದ ಕಡೆಯ ಹುಡುಗ ಹುಡುಗಿಯರು. ಓದು ಮುಗಿಸಿ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯದ್ದೋ, ಚಳ್ಳಕೆರೆಯ ಎಣ್ಣೆ ಮಿಲ್ಲಿನದ್ದೋ ಕೆಲಸ ಹಿಡಿದಿರುತ್ತಾರೆ. ಅಂಗಡಿಯಲ್ಲಿ ಕೂತ ಗುಮಾಸ್ತರಿಗೆ ಬಿಲ್ ಟಕ ಟಕ ಹೊಡೆಯಲು ಡೆಸ್ಕ್‌ಟಾಪ್ ಬೇಕು. ಸಾಹುಕಾರರಿಗೆ ಮನೆಯಲ್ಲಿ ಕೂತು ಇವತ್ತಿನ ವಹಿವಾಟು, ಯಾರ್ಯಾರ ಉದ್ರಿ ಎಷ್ಟು ಅಂತ ಮೊಬೈಲಿನಲ್ಲೇ ನೋಡಬೇಕು. ಹಾಗಾದರೆ ಎರಡು ಸಾಫ್ಟ್‌ವೇರ್ ಬರೆಯಬೇಕಾ?

ಬೇಡ. ಲೆಕ್ಕ ಮಾಡುವ ಭಾಗ ಒಂದೇ ಇರಲಿ, ಒಂದೇ ಕಡೆ ಇರಲಿ. ಅದನ್ನು ತೋರಿಸುವ ಪರದೆಗಳು ಎರಡಾದರೂ ಆಗಲಿ, ಮೂರಾದರೂ ಆಗಲಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತನ್ನು ಕೆಡದಂತೆ ಕಾಪಾಡಿಕೊಳ್ಳಲು.

ಶುರು ಮಾಡುವ ಮುಂಚೆ ಇವು ಕೈಯಲ್ಲಿರಲಿ: ಬಾಡಿಗೆಯ ಒಂದು ಚಿಕ್ಕ ಕ್ಲೌಡ್ ಸರ್ವರ್, ಒಂದು ಡೊಮೇನ್ ಹೆಸರು, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್, ಮತ್ತು ಅಂಗಡಿಯಲ್ಲಿ ಇರುವಂಥದ್ದೇ ಒಂದು ಥರ್ಮಲ್ ಪ್ರಿಂಟರ್. ಕೊನೆಯದನ್ನು "ಆಮೇಲೆ ನೋಡೋಣ" ಅಂತ ಬಿಡಬೇಡಿ. ಯಾಕೆ ಅಂತ 6ನೇ ಹಂತದಲ್ಲಿ ಗೊತ್ತಾಗುತ್ತದೆ.

1. ಮೊದಲು ಅಂಗಡಿಯಲ್ಲಿ ಒಂದು ದಿನ ಕೂತು ಬನ್ನಿ

ಕೋಡ್ ಬರೆಯುವುದಕ್ಕಿಂತ ಮುಂಚೆ ವ್ಯಾಪಾರ ಜೋರಾಗಿರುವ ಒಂದು ದಿನ ಗುಮಾಸ್ತರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತುಬಿಡಿ. ಅವರ ಕೈ ನೋಡಿ. ಅನುಭವ ಇರುವವರು ಮೌಸ್ ಮುಟ್ಟುವುದೇ ಇಲ್ಲ. ಬಲಗೈ ಕೀಬೋರ್ಡಿನ ಬಲಗಡೆಯ ಅಂಕಿ ಕೀಗಳ ಮೇಲೇ ಇರುತ್ತದೆ, ಎಡಗೈ ಬೆರಳು ತೂಕದ ಚೀಟಿಯ ಸಾಲಿನ ಮೇಲೆ, ಕಣ್ಣು ಚೀಟಿಯ ಮೇಲೆ. ಚೀಲ, ಎಂಟರ್, ತೂಕ, ಎಂಟರ್, ದರ, ಎಂಟರ್. ಪರದೆ ನೋಡುವುದು ಬಿಲ್ ಮುಗಿದ ಮೇಲೆ. ಈ ಓಟಕ್ಕೆ ಅಡ್ಡ ಬರುವ ಸಾಫ್ಟ್‌ವೇರ್ ಎಷ್ಟು ಚೆಂದ ಇದ್ದರೂ ಎರಡು ದಿನಕ್ಕೆ ಮೂಲೆಗೆ ಬೀಳುತ್ತದೆ.

ಕೂತಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರು, ಎಲ್ಲಿ ಕೂತು, ಏನು ಮಾಡುತ್ತಾರೆ, ನೆಟ್ ಇಲ್ಲದಿದ್ದರೆ ಆ ಕೆಲಸ ನಿಲ್ಲುತ್ತದಾ? ಕೊನೆಯ ಪ್ರಶ್ನೆಯೇ ಮುಖ್ಯ. ಬಿಲ್ ಹೊಡೆಯುವುದು ನಿಂತರೆ ಹೊರಗೆ ಲಾರಿ ನಿಲ್ಲುತ್ತದೆ. ಸಾಹುಕಾರರಿಗೆ ವರದಿ ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ. ಮೊದಲನೆಯದಕ್ಕೆ ಡೆಸ್ಕ್‌ಟಾಪ್, ಎರಡನೆಯದಕ್ಕೆ ಬ್ರೌಸರ್. ಹತ್ತರಲ್ಲಿ ಎಂಟು ಸಲ ಹೀಗೇ ಬೇರೆಯಾಗುತ್ತದೆ.

ಯಂತ್ರಗಳ ವಿವರವನ್ನೂ ಬರೆದುಕೊಳ್ಳಿ. ವಿಂಡೋಸ್ 7 ಇರುವ ಕಂಪ್ಯೂಟರ್ ಇನ್ನೂ ಎಷ್ಟೋ ಅಂಗಡಿಗಳಲ್ಲಿ ಓಡುತ್ತಿದೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ, ಅದರ ಮೇಲೆ ಓಡುವ ಕೊನೆಯ ಕ್ರೋಮ್ 109ನೇ ಆವೃತ್ತಿ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಯಂತ್ರ ಕೊಳ್ಳಿಸಬೇಕಾದರೆ ಅದರ ಖರ್ಚನ್ನು ಮೊದಲ ದಿನವೇ ಹೇಳಿ, ಆಮೇಲೆ ಹೇಳಿದರೆ ಜಗಳ.

2. ಲೆಕ್ಕವನ್ನು ಒಂದೇ ಕಡೆ ಇಡಿ

ಸರ್ವರಿನಲ್ಲಿ ಡೇಟಾಬೇಸ್, ಅದರ ಮುಂದೆ ಎಪಿಐ. ಎಪಿಐ ಅಂದರೆ ಬೇರೆ ಪ್ರೋಗ್ರಾಮುಗಳು ಬಂದು ಕೇಳುವ ಕಿಟಕಿ. ಬ್ಯಾಂಕಿನಲ್ಲಿ ನೀವು ಕೌಂಟರಿನಲ್ಲಿ ಚೀಟಿ ಕೊಡುತ್ತೀರಿ, ತಿಜೋರಿಗೆ ಕೈ ಹಾಕುವುದಿಲ್ಲ ಅಲ್ವಾ? ಹಾಗೆಯೇ ಡೆಸ್ಕ್‌ಟಾಪ್ ಆಗಲಿ ಬ್ರೌಸರ್ ಆಗಲಿ ಈ ಕಿಟಕಿಯಲ್ಲೇ ಕೇಳಬೇಕು.

ಇಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು, ಡೆಸ್ಕ್‌ಟಾಪ್ ಪ್ರೋಗ್ರಾಮಿನಿಂದ ನೇರ ಇಂಟರ್‌ನೆಟ್ ಮೂಲಕ ಡೇಟಾಬೇಸಿಗೆ ಕನೆಕ್ಟ್ ಮಾಡುವುದು. ಬೇಗ ಆಗುತ್ತದೆ, ನಿಜ. ಆದರೆ ಡೇಟಾಬೇಸಿನ ಪಾಸ್‌ವರ್ಡ್ ಆ ಪ್ರೋಗ್ರಾಮಿನ ಫೈಲಿನಲ್ಲೇ ಕೂತಿರುತ್ತದೆ, ಪೆನ್‌ಡ್ರೈವಿನಲ್ಲಿ ಕಾಪಿ ಮಾಡಿಕೊಂಡು ಹೋದವರು ಅದನ್ನು ಹೊರಗೆ ತೆಗೆಯಬಹುದು.

ಈಗ ಲೆಕ್ಕದ ವಿಷಯ. ಸ್ವಲ್ಪ ನಿಧಾನಕ್ಕೆ ಓದಿ, ಯಾಕೆಂದರೆ ಎರಡು ಕಡೆ ಲೆಕ್ಕ ಬರೆದವರೆಲ್ಲ ಎಡವುವುದು ಇಲ್ಲೇ. ಖರೀದಿದಾರರ ಒಂದು ಬಿಲ್ ತೆಗೆದುಕೊಳ್ಳಿ: ಮೆಕ್ಕೆಜೋಳ 31 ಚೀಲ, 18.35 ಕ್ವಿಂಟಲ್, ದರ 2,145. ಮಾಲಿನ ಮೊತ್ತ 39,360.75 ರೂಪಾಯಿ. ಹಮಾಲಿ ಚೀಲಕ್ಕೆ 7.50ರಂತೆ 232.50. ಒಟ್ಟು 39,593.25, ರೌಂಡ್ ಮಾಡಿದರೆ 39,593. ಸರಿ.

ಈಗ ಒಬ್ಬರು ಪ್ರತಿ ಸಾಲನ್ನೂ ಬೇರೆ ಬೇರೆ ರೌಂಡ್ ಮಾಡುತ್ತಾರೆ ಅಂದುಕೊಳ್ಳಿ. ಮಾಲು 39,361 ಆಯಿತು. ಹಮಾಲಿ 232.50 ಇದೆಯಲ್ಲ, ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯ ರೌಂಡ್ ಅದನ್ನು 233 ಮಾಡುತ್ತದೆ. ಡೆಸ್ಕ್‌ಟಾಪ್ ಪ್ರೋಗ್ರಾಮನ್ನು ಸಿ ಶಾರ್ಪ್ ಭಾಷೆಯಲ್ಲಿ ಬರೆದಿದ್ದರೆ ಅದರ ರೌಂಡ್ ನೀವು ಬೇರೆ ಏನೂ ಹೇಳದಿದ್ದರೆ 232 ಮಾಡುತ್ತದೆ! ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆಯನ್ನು ಅದು ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ. ಪೈಥಾನ್ ಕೂಡ ಹಾಗೇ. ಅಂದರೆ ಡೆಸ್ಕ್‌ಟಾಪಿನಲ್ಲಿ 39,593, ಬ್ರೌಸರಿನಲ್ಲಿ 39,594. ಒಂದು ರೂಪಾಯಿ ಅಂತ ನೀವು ನಗಬಹುದು. ಮಂಡಿಪೇಟೆಯಲ್ಲಿ ಒಂದು ರೂಪಾಯಿ ಹೊಂದದಿದ್ದರೆ ರಾತ್ರಿ ಒಂಬತ್ತಾದರೂ ಕಿರ್ದಿ ಮುಚ್ಚುವುದಿಲ್ಲ.

ಅದಕ್ಕೆ ಮೂರು ಕಟ್ಟುಪಾಡು ಇಟ್ಟುಕೊಳ್ಳಿ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಅಂದರೆ 232.50 ಅನ್ನು 23250 ಅಂತ. ತೂಕವನ್ನೂ ಗ್ರಾಂ ಲೆಕ್ಕದಲ್ಲಿ ಇಡಿ. ಫ್ಲೋಟ್ ಅಂತ ಕರೆಯುವ ದಶಮಾಂಶದ ಮಾದರಿಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಬೇಕಾದರೆ ಬ್ರೌಸರಿನ ಕನ್ಸೋಲಿನಲ್ಲಿ ಹೊಡೆದು ನೋಡಿ. ರೌಂಡ್ ಮಾಡುವುದು ಎಲ್ಲಿ, ಹೇಗೆ ಅಂತ ಅಂಗಡಿಯವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಮತ್ತು ಆ ಕೋಡನ್ನು ಒಂದೇ ಸಲ ಬರೆಯಿರಿ. ನೆಟ್ ಇಲ್ಲದಾಗ ಡೆಸ್ಕ್‌ಟಾಪ್ ಕೂಡ ಲೆಕ್ಕ ಮಾಡಬೇಕಲ್ಲ ಅಂತೀರಾ? ಹೌದು, ಅದಕ್ಕೇ ಲೆಕ್ಕದ ಭಾಗವನ್ನು ಒಂದು ಪ್ರತ್ಯೇಕ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಎತ್ತಿ ಬಳಸುವ ಕೋಡಿನ ಕಟ್ಟು, ಮಾಡಿ, ಸರ್ವರ್ ಮತ್ತು ಡೆಸ್ಕ್‌ಟಾಪ್ ಎರಡೂ ಅದನ್ನೇ ಬಳಸಲಿ. ಎರಡೂ ಕಡೆ ಒಂದೇ ಭಾಷೆ ಇದ್ದರೆ ಇದು ಸುಲಭ.

3. ಡೆಸ್ಕ್‌ಟಾಪ್ ಕಟ್ಟಲು ಯಾವುದು ಹಿಡಿಯಬೇಕು?

ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ನಾನು ಬೇಕಂತಲೇ ಮೂರನೇದಕ್ಕೆ ಇಟ್ಟಿದ್ದೇನೆ.

ಮೊದಲು ಬ್ರೌಸರ್ ಆವೃತ್ತಿ ಮಾಡಿ. ಅದನ್ನೇ ಡೆಸ್ಕ್‌ಟಾಪಿನ ಹೊದಿಕೆಯಲ್ಲಿ ಕೂರಿಸಲು ಎರಡು ದಾರಿ ಚೆನ್ನಾಗಿವೆ, ಎಲೆಕ್ಟ್ರಾನ್ ಮತ್ತು ಟೌರಿ. ಎಲೆಕ್ಟ್ರಾನ್ 2013ರಿಂದ ಇದೆ, ಕೋಡ್ ಬರೆಯಲು ಬಳಸುವ ವಿಎಸ್ ಕೋಡ್ ಓಡುವುದು ಅದರ ಮೇಲೇ. ತನ್ನ ಜೊತೆ ಇಡೀ ಕ್ರೋಮಿಯಂ ಬ್ರೌಸರನ್ನು ಹೊತ್ತು ತರುವುದರಿಂದ ಇನ್‌ಸ್ಟಾಲ್ ಫೈಲ್ ನೂರು ಎಂಬಿ ಆಸುಪಾಸು ಆಗುತ್ತದೆ, ರ‍್ಯಾಮ್ ಕೂಡ ಜಾಸ್ತಿ ತಿನ್ನುತ್ತದೆ. ಆದರೆ ಎಲ್ಲ ಯಂತ್ರದಲ್ಲೂ ಒಂದೇ ಥರ ಕಾಣುತ್ತದೆ. ಟೌರಿ ವಿಂಡೋಸಿನಲ್ಲಿ ಇರುವ ವೆಬ್‌ವ್ಯೂ 2 ಎಂಬ ಭಾಗವನ್ನೇ ಬಳಸಿಕೊಳ್ಳುವುದರಿಂದ ಫೈಲ್ ಚಿಕ್ಕದು, ಆದರೆ ಒಳಗಿನ ಕೆಲಸಕ್ಕೆ ರಸ್ಟ್ ಭಾಷೆ ಸ್ವಲ್ಪ ಕಲಿಯಬೇಕು. ಫ್ಲಟರ್ ಎಂಬ ಇನ್ನೊಂದು ಸಾಧನ ಗೊತ್ತಿದ್ದವರು ಅದರಲ್ಲೂ ಡೆಸ್ಕ್‌ಟಾಪ್, ವೆಬ್ ಎರಡನ್ನೂ ಮಾಡಬಹುದು. ನನ್ನ ಕೈ ಮಾತ್ರ ಎಲೆಕ್ಟ್ರಾನ್ ಕಡೆಗೇ ಹೋಗುತ್ತದೆ, ಕೇಳಿದರೆ ಉತ್ತರ ಸಿಗುವ ಜನ ಅದಕ್ಕೆ ಜಾಸ್ತಿ. ಒಂದು ಎಚ್ಚರ: ಎಲೆಕ್ಟ್ರಾನ್ 22ರ ನಂತರದ ಆವೃತ್ತಿಗಳು ವಿಂಡೋಸ್ 7ರಲ್ಲಿ ಓಡುವುದಿಲ್ಲ.

ಅಂಗಡಿಯಲ್ಲಿ ವಿಬಿ 6, ಅಂದರೆ ವಿಷುವಲ್ ಬೇಸಿಕ್ 6 ಎಂಬ ಹಳೆಯ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಹದಿನೈದು ವರ್ಷದಿಂದ ಓಡುತ್ತಿದ್ದರೆ? ಅದನ್ನು ಒಂದೇ ಸಲ ಕಿತ್ತುಹಾಕುವ ಹುಮ್ಮಸ್ಸು ಬೇಡ. ಅದರ ಡೇಟಾವನ್ನು ಓದುವ ಒಂದು ಎಪಿಐ ಮಾಡಿ, ಮೊದಲು ಸಾಹುಕಾರರ ವರದಿಗಳನ್ನು ಬ್ರೌಸರಿಗೆ ತನ್ನಿ. ಬಿಲ್ಲಿಂಗ್ ಆಮೇಲೆ ಬರಲಿ.

ಇನ್ನೊಂದು ಅಡ್ಡದಾರಿ ಇದೆ, ಅಂಗಡಿ ಕಂಪ್ಯೂಟರಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಹಾಕಿ "ತಗೊಳ್ಳಿ ಸಾರ್, ಮನೆಯಿಂದ್ಲೇ ನೋಡಿ" ಅನ್ನುವುದು. ಅದಕ್ಕಾಗಿ 3389 ಎಂಬ ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕಳ್ಳರಿಗೆ ಬಾಗಿಲು ತೆರೆದ ಹಾಗೆ. ಮಾಡಲೇಬೇಡಿ.

4. ನೆಟ್ ಹೋದಾಗ ಏನಾಗಬೇಕು

ಬರೀ ಬ್ರೌಸರಿನ ಒಳಗಿನ ಸ್ಟೋರೇಜಿನಲ್ಲಿ ಬಿಲ್ಲುಗಳನ್ನು ಇಟ್ಟುಕೊಳ್ಳುವ ಯೋಚನೆ ಇದ್ದರೆ ಬಿಡಿ. ಯಾರೋ ಬ್ರೌಸಿಂಗ್ ಡೇಟಾ ಕ್ಲಿಯರ್ ಮಾಡಿದರೆ ಎಲ್ಲ ಹೋಯಿತು. ಐಫೋನಿನ ಸಫಾರಿಯಂತೂ ಏಳು ದಿನ ಬಳಸುತ್ತಾ ಇದ್ದು ನಿಮ್ಮ ಪುಟದ ಕಡೆ ಬರದಿದ್ದರೆ ತಾನೇ ಅಳಿಸುತ್ತದೆ. ಡೆಸ್ಕ್‌ಟಾಪ್ ಪ್ರೋಗ್ರಾಮಿನಲ್ಲಿ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಇಡಿ, ಒಂದೇ ಫೈಲು, ಬೇರೆ ಇನ್‌ಸ್ಟಾಲ್ ಏನೂ ಬೇಡ.

ಬಿಲ್ ಮೊದಲು ಈ ಫೈಲಿಗೆ ಹೋಗಲಿ, ಜೊತೆಗೆ "ಕಳಿಸಬೇಕಾದದ್ದು" ಅಂತ ಒಂದು ಪಟ್ಟಿಗೂ ಸೇರಲಿ. ಹಿಂದುಗಡೆ ಇನ್ನೊಂದು ಕೆಲಸ ಆ ಪಟ್ಟಿಯನ್ನು ಒಂದೊಂದಾಗಿ ಸರ್ವರಿಗೆ ಕಳಿಸುತ್ತಾ ಇರಲಿ. ಇದಕ್ಕೆ ಸಿಂಕ್ ಅನ್ನುತ್ತಾರೆ. ಗುಮಾಸ್ತರಿಗೆ ನೆಟ್ ಇದೆಯೋ ಇಲ್ಲವೋ ಗೊತ್ತೇ ಆಗಬಾರದು, ಮೂಲೆಯಲ್ಲಿ "ಇನ್ನೂ 4 ಬಿಲ್ ಕಳಿಸಬೇಕು" ಅಂತ ಕಂಡರೆ ಸಾಕು.

ಎಡವುವ ಜಾಗಗಳು ಇಲ್ಲಿ ಬಹಳ.

ಒಂದೇ ಬಿಲ್ ಎರಡು ಸಲ ಹೋಗುವುದು. ಸರ್ವರ್ ಬಿಲ್ ಉಳಿಸಿಕೊಂಡಿತು, ಆದರೆ "ಸಿಕ್ಕಿತು" ಅನ್ನುವ ಉತ್ತರ ಬರುವಷ್ಟರಲ್ಲಿ ನೆಟ್ ಹೋಯಿತು. ಡೆಸ್ಕ್‌ಟಾಪ್ ಮತ್ತೆ ಕಳಿಸುತ್ತದೆ. ಖಾತೆಯಲ್ಲಿ ಉದ್ರಿ ಎರಡರಷ್ಟು! ಅದಕ್ಕೆ ಬಿಲ್ ಹುಟ್ಟುವಾಗಲೇ ಡೆಸ್ಕ್‌ಟಾಪಿನಲ್ಲಿ ಯುಯುಐಡಿ ಹಾಕಿ. ಯುಯುಐಡಿ ಅಂದರೆ ಇನ್ನೆಲ್ಲೂ ಮತ್ತೆ ಬಾರದಂಥ ಉದ್ದನೆಯ ಗುರುತು ಸಂಖ್ಯೆ. ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ "ಇದು ಆಗಲೇ ಇದೆ" ಅಂದು ಸುಮ್ಮನಾಗಬೇಕು.

ಬಿಲ್ ನಂಬರ್ ಬೇರೆ ಕಥೆ. ಜಿಎಸ್‌ಟಿ ನಿಯಮದಂತೆ ಇನ್‌ವಾಯ್ಸ್ ನಂಬರ್ ಸಾಲಾಗಿ ಹೋಗಬೇಕು, ಆ ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು, ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಓರೆಗೆರೆ ಬಿಟ್ಟು ಬೇರೆ ಚಿಹ್ನೆ ಇರಬಾರದು. ಎರಡು ಕೌಂಟರ್ ನೆಟ್ ಇಲ್ಲದೆ ಓಡುತ್ತಿದ್ದರೆ ಇಬ್ಬರೂ 147ನೇ ನಂಬರ್ ಹೊಡೆಯುತ್ತಾರೆ. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶ ಇರುವುದರಿಂದ ಪ್ರತಿ ಕೌಂಟರಿಗೂ ಒಂದು ಸರಣಿ ಕೊಡಿ: 1/25-26/00147, 2/25-26/00147. ಎಣಿಸಿ ನೋಡಿ, 13 ಅಕ್ಷರ. ಏಪ್ರಿಲ್ 1ಕ್ಕೆ ಹೊಸ ಸರಣಿ ತಾನಾಗಿಯೇ ಶುರುವಾಗುವಂತೆ ಬರೆದಿರಿ, ಇಲ್ಲದಿದ್ದರೆ ಅವತ್ತು ಬೆಳಿಗ್ಗೆ ನಿಮಗೇ ಫೋನ್.

ಗಡಿಯಾರವನ್ನೂ ನಂಬಬೇಡಿ. ಹಳೆಯ ಕಂಪ್ಯೂಟರಿನ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಬಿಲ್ ತಾರೀಖೂ ತಪ್ಪು, ಜೊತೆಗೆ ಸರ್ವರಿನ ಸುರಕ್ಷಿತ ಕನೆಕ್ಷನ್ನೂ ಸರ್ಟಿಫಿಕೇಟ್ ದೋಷ ಅಂತ ನಿಂತುಹೋಗುತ್ತದೆ, ನೀವು ಅರ್ಧ ದಿನ ನೆಟ್ ಸರಿ ಇಲ್ಲ ಅಂತ ಒದ್ದಾಡುತ್ತೀರಿ. ಕೊನೆಯ ಬಿಲ್ಲಿಗಿಂತ ಹಿಂದಿನ ತಾರೀಖು ಕಂಡರೆ ಪ್ರೋಗ್ರಾಮ್ ತಡೆದು ಕೇಳಲಿ.

ಇನ್ನು ತಿದ್ದುಪಡಿ. ಒಂದೇ ಬಿಲ್ಲನ್ನು ಗುಮಾಸ್ತರು ಅಂಗಡಿಯಲ್ಲೂ ಸಾಹುಕಾರರು ಮನೆಯಲ್ಲೂ ತಿದ್ದಿದರೆ ಯಾರದ್ದು ನಿಲ್ಲಬೇಕು? ನನ್ನ ಸಲಹೆ, ಉಳಿಸಿದ ಬಿಲ್ಲನ್ನು ತಿದ್ದಲು ಬಿಡಲೇಬೇಡಿ. ಹಳೆಯ ಕಿರ್ದಿ ಪುಸ್ತಕದಲ್ಲಿ ಬರೆದ ಸಾಲನ್ನು ಅಳಿಸುತ್ತಿರಲಿಲ್ಲ, ಕೆಳಗೆ ಇನ್ನೊಂದು ಸಾಲು ಬರೆದು ಸರಿ ಮಾಡುತ್ತಿದ್ದರು. ಹಾಗೆಯೇ ರದ್ದತಿ ಒಂದು ನಮೂದು, ಹೊಸ ಬಿಲ್ ಇನ್ನೊಂದು ನಮೂದು. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ತಿದ್ದುಪಡಿಯ ದಾಖಲೆ ಇರಲೇಬೇಕು ಎಂಬ ನಿಯಮವೂ ಇದೆ.

5. ಕೀಬೋರ್ಡು

ಬ್ರೌಸರ್ ಕೆಲವು ಕೀಗಳನ್ನು ನಿಮಗೆ ಕೊಡುವುದಿಲ್ಲ. ಕಂಟ್ರೋಲ್ ಎನ್ ಒತ್ತಿದರೆ ಹೊಸ ಬಿಲ್ ಬರಲಿ ಅಂತ ನೀವು ಬರೆದರೂ ಹೊಸ ಕಿಟಕಿ ತೆರೆಯುತ್ತದೆ, ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗುತ್ತದೆ. ಡೆಸ್ಕ್‌ಟಾಪ್ ಹೊದಿಕೆಯಲ್ಲಿ ಇವನ್ನು ಹಿಡಿಯಬಹುದು. ಆದರೂ ಎರಡೂ ಕಡೆ ಒಂದೇ ಕೀ ಇರುವಂತೆ ಆರಿಸಿಕೊಳ್ಳುವುದು ವಾಸಿ.

ಅಂಕಿ ಬರೆಯುವ ಖಾನೆಗಳಿಗೆ ಬ್ರೌಸರಿನ "ನಂಬರ್" ಮಾದರಿ ಹಾಕಿದರೆ ಮೌಸಿನ ಚಕ್ರ ತಿರುಗಿದಾಗ ಒಳಗಿನ ಸಂಖ್ಯೆ ಬದಲಾಗಬಹುದು. ಪುಟ ಕೆಳಗೆ ಸರಿಸಲು ಹೋಗಿ ದರ 2145 ಇದ್ದದ್ದು 2142 ಆಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸಾದಾ ಅಕ್ಷರದ ಖಾನೆ ಇಟ್ಟು ಅಂಕಿ ಮಾತ್ರ ಬಿಡಿ.

6. ಪ್ರಿಂಟು ಮತ್ತು ಕನ್ನಡ

ಬ್ರೌಸರಿನಿಂದ ಪ್ರಿಂಟ್ ಕೊಟ್ಟರೆ ಪ್ರತಿ ಸಲವೂ ಪ್ರಿಂಟ್ ಕಿಟಕಿ ತೆರೆಯುತ್ತದೆ. ದಿನಕ್ಕೆ ಇನ್ನೂರು ಬಿಲ್ ಹೊಡೆಯುವವರು ಇನ್ನೂರು ಸಲ ಅದನ್ನು ಮುಚ್ಚಬೇಕು. ಡೆಸ್ಕ್‌ಟಾಪ್ ಆವೃತ್ತಿಯಿಂದ ನೇರ ಪ್ರಿಂಟರಿಗೆ ಕಳಿಸಬಹುದು, ಡೆಸ್ಕ್‌ಟಾಪ್ ಬೇಕೇ ಅನ್ನುವ ಪ್ರಶ್ನೆಗೆ ಎಷ್ಟೋ ಕಡೆ ಇದೊಂದೇ ಕಾರಣ ಸಾಕು. ಎಲೆಕ್ಟ್ರಾನಿಕ್ ತಕ್ಕಡಿಯ ಕಥೆಯೂ ಹೆಚ್ಚುಕಮ್ಮಿ ಇದೇ: ಸೀರಿಯಲ್ ಕೇಬಲ್ಲಿನಿಂದ ಬರುವ ತೂಕವನ್ನು ಕ್ರೋಮ್ ಓದಬಲ್ಲದು, ಸಫಾರಿ ಓದುವುದಿಲ್ಲ.

ಥರ್ಮಲ್ ಪ್ರಿಂಟರುಗಳಿಗೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ. ಅಕ್ಷರವಾಗಿ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಬಿಲ್ಲನ್ನು ಮೊದಲು ಚಿತ್ರವಾಗಿ ಮಾಡಿ, ಆ ಚಿತ್ರವನ್ನು ಕಳಿಸಿ. 80 ಮಿಲಿಮೀಟರ್ ಕಾಗದಕ್ಕೆ ಅಗಲ 576 ಚುಕ್ಕೆ, 58 ಮಿಲಿಮೀಟರಿಗೆ 384 ಚುಕ್ಕೆ. ಈ ಅಳತೆಗೇ ಚಿತ್ರ ಮಾಡಿದರೆ ಅಕ್ಷರ ಚೂಪಾಗಿ ಬರುತ್ತದೆ.

ಪಿಡಿಎಫ್ ಮಾಡುವ ಕೆಲವು ಲೈಬ್ರರಿಗಳಿಗೆ ಒತ್ತಕ್ಷರ ಗೊತ್ತಿಲ್ಲ. ನಾನು ಯಾವ ಲೈಬ್ರರಿ ಬಂದರೂ ಮೊದಲು "ತಿಪ್ಪೇರುದ್ರಪ್ಪ" ಅಂತ ಬರೆಸಿ ನೋಡುತ್ತೇನೆ. ನಮ್ಮ ಕಡೆಯ ಗಿರಾಕಿಗಳ ಪಟ್ಟಿಯಲ್ಲಿ ಈ ಹೆಸರು ಇದ್ದೇ ಇರುತ್ತದೆ, ಪರೀಕ್ಷೆಗೂ ಒಳ್ಳೆಯದು. ಒತ್ತು ಪಕ್ಕಕ್ಕೆ ಬಿದ್ದರೆ ಆ ಲೈಬ್ರರಿ ಬೇಡ. ಬ್ರೌಸರಿನಿಂದಲೇ ಪಿಡಿಎಫ್ ಮಾಡಿಸಿದರೆ ಈ ತೊಂದರೆ ಇಲ್ಲ.

ಹಳೆಯ ಡೇಟಾ "ನುಡಿ" ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದಾದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲದಿರುವ ಸಾಧ್ಯತೆ ಜಾಸ್ತಿ. ಫಾಂಟ್ ತೆಗೆದರೆ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಬದಲಾಯಿಸಿ, ಆಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದ ನೋಡಿ, ಕೆಡುವುದು ಅಲ್ಲೇ. ಯೂನಿಕೋಡಿನಲ್ಲೂ "ಕೊ", "ಕೋ" ಥರದ ಅಕ್ಷರಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹುಡುಕಿದರೆ "ಕೋಟೆಪ್ಪ" ಸಿಗುವುದಿಲ್ಲ, ಗುಮಾಸ್ತರು ಹೊಸ ಖಾತೆ ತೆರೆಯುತ್ತಾರೆ. ಡೇಟಾಬೇಸಿಗೆ ಹೋಗುವ ಮುಂಚೆ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ, ಒಂದು ಸಾಲಿನ ಕೋಡ್ ಅಷ್ಟೇ.

7. ಯಾರಿಗೆ ಏನು ಕಾಣಬೇಕು

ಬಟನ್ ಅಡಗಿಸಿದರೆ ಭದ್ರತೆ ಆಗುವುದಿಲ್ಲ. ಗುಮಾಸ್ತರು ಬಿಲ್ ರದ್ದು ಮಾಡುವಂತಿಲ್ಲ ಅಂದರೆ ಅದನ್ನು ಸರ್ವರ್ ತಡೆಯಬೇಕು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಅಭ್ಯಾಸ ನಮ್ಮ ಕಡೆ ಜೋರಾಗಿದೆ, ಬೇಡ ಅಂತ ಹಟ ಹಿಡಿಯಿರಿ.

8. ಹೊಸ ಆವೃತ್ತಿ ತಲುಪಿಸುವುದು

ಬ್ರೌಸರಿನವರಿಗೆ ನೀವು ಸರ್ವರಿನಲ್ಲಿ ಬದಲಾಯಿಸಿದ ಕೂಡಲೇ ಹೊಸದು ಸಿಗುತ್ತದೆ. ಡೆಸ್ಕ್‌ಟಾಪಿನವರು ಯಾವಾಗ ಅಪ್‌ಡೇಟ್ ಮಾಡಿಕೊಳ್ಳುತ್ತಾರೋ ದೇವರಿಗೇ ಗೊತ್ತು. ಆದ್ದರಿಂದ ಎಪಿಐನಲ್ಲಿ ಏನನ್ನೂ ತಟ್ಟನೆ ತೆಗೆಯಬೇಡಿ. ಹೊಸ ಖಾನೆ ಸೇರಿಸಿ, ಹಳೆಯ ಆವೃತ್ತಿಯೂ ಓಡುತ್ತಿರಲಿ, ಎಲ್ಲರೂ ಹೊಸದಕ್ಕೆ ಬಂದ ಮೇಲೆ ಹಳೆಯದನ್ನು ತೆಗೆಯಿರಿ. ಯಾವ ಕೌಂಟರಿನಲ್ಲಿ ಯಾವ ಆವೃತ್ತಿ ಇದೆ ಅಂತ ಸರ್ವರಿನಲ್ಲಿ ದಾಖಲಾಗಲಿ, ಫೋನಿನಲ್ಲಿ ಕೇಳುವ ಗೋಳು ತಪ್ಪುತ್ತದೆ.

ಇನ್‌ಸ್ಟಾಲ್ ಫೈಲಿಗೆ ಕೋಡ್ ಸೈನಿಂಗ್, ಅಂದರೆ ತಯಾರಿಸಿದವರ ಡಿಜಿಟಲ್ ಸಹಿ, ಇಲ್ಲದಿದ್ದರೆ ವಿಂಡೋಸ್ ನೀಲಿ ಬಣ್ಣದ ಎಚ್ಚರಿಕೆಯ ಕಿಟಕಿ ತೋರಿಸುತ್ತದೆ. ಸಹಿಗೆ ವರ್ಷಾ ವರ್ಷ ದುಡ್ಡು ಕೊಡಬೇಕು. ಒಂದೆರಡು ಅಂಗಡಿಗೆ ನೀವೇ ಹೋಗಿ ಹಾಕಿಕೊಡುತ್ತೀರಾದರೆ ಸದ್ಯಕ್ಕೆ ಬೇಡ, ಹತ್ತಿಪ್ಪತ್ತು ಆದ ಮೇಲೆ ಬೇಕೇ ಬೇಕು.

9. ಬದಲಾಯಿಸುವ ದಿನ

ಸುಗ್ಗಿಯಲ್ಲಿ ಬದಲಾಯಿಸಬೇಡಿ. ಮೆಕ್ಕೆಜೋಳ ಯಾರ್ಡಿಗೆ ಬಂದು ಬೀಳುವ ದಿನಗಳಲ್ಲಿ ಯಾರಿಗೂ ಹೊಸ ಪರದೆ ಕಲಿಯುವ ವ್ಯವಧಾನ ಇರುವುದಿಲ್ಲ. ವ್ಯಾಪಾರ ತಣ್ಣಗಿರುವ ಎರಡು ವಾರ ನೋಡಿ, ಹಳೆಯದು ಹೊಸದು ಎರಡನ್ನೂ ಜೊತೆಗೆ ಓಡಿಸಿ. ದಿನಾ ಸಂಜೆ ಗಲ್ಲಾಪೆಟ್ಟಿಗೆಯ ನಗದು, ಎರಡೂ ಸಾಫ್ಟ್‌ವೇರಿನ ಒಟ್ಟು ಮೊತ್ತ, ಮೂರನ್ನೂ ಹೊಂದಿಸಿ ನೋಡಿ. ಎರಡು ಕಡೆ ಬರೆಯಬೇಕಲ್ಲ ಅಂತ ಗುಮಾಸ್ತರು ಗೊಣಗುತ್ತಾರೆ. ಗೊಣಗಲಿ, ಆ ಎರಡು ವಾರ ಚಹಾ ನಿಮ್ಮ ಲೆಕ್ಕದಲ್ಲಿ.

ಬ್ಯಾಕಪ್ ಪ್ರತಿ ರಾತ್ರಿ ಆಗಲಿ, ಸರ್ವರ್ ಇರುವ ಜಾಗ ಬಿಟ್ಟು ಬೇರೆ ಕಡೆ ಹೋಗಿ ಕೂರಲಿ. ಮತ್ತು ಆ ಎರಡು ವಾರದೊಳಗೆ ಒಂದು ಸಲ ಖಾಲಿ ಕಂಪ್ಯೂಟರಿನಲ್ಲಿ ಬ್ಯಾಕಪ್ಪನ್ನು ತೆರೆದು, ನಿನ್ನೆಯ ಕೊನೆಯ ಬಿಲ್ ಅದರಲ್ಲಿ ಇದೆಯಾ ಅಂತ ನೋಡಿ. ಇದ್ದರೆ ಹಳೆಯ ಪ್ರೋಗ್ರಾಮಿನ ಐಕಾನನ್ನು ಡೆಸ್ಕ್‌ಟಾಪಿನಿಂದ ತೆಗೆಯಬಹುದು. ಐಕಾನ್ ಮಾತ್ರ ತೆಗೆಯಿರಿ, ಡೇಟಾ ಇರುವ ಫೋಲ್ಡರ್ ಮುಂದಿನ ಆಡಿಟ್ ಮುಗಿಯುವವರೆಗೂ ಅಲ್ಲೇ ಇರಲಿ.